ನಕ್ಷತ್ರದ ಬಳಿ

ಓಸ್ಟೆಂಡಿನ ಬಂದರುಕಟ್ಟೆಯಲ್ಲಿ ಹನ್ನೊಂದು ವರ್ಷ
ಮೀನು ಕೂಗಿ ಮಾರಿದ ಗಂಟಲು ವೀರ್ಲೆಯದು.
ಅಲ್ಲಿ ಉಸಿರೆಳೆದುಕೊಂಡರೆ ಗಿರಾಕಿ ಪಕ್ಕದವಳ ಪಾಲು.
ಬಂಗಡೆಯ ಬೆನ್ನಿಗೆ ಸೀಗಡಿ, ಸೀಗಡಿಯ ಬೆನ್ನಿಗೆ ಚಿಲ್ಲರೆ,
ನಡುವೆ ಕೂದಲೆಳೆ ಸಂದಿಲ್ಲ.

ಈಗ ಐವತ್ತರ ಹೊಸ್ತಿಲಲ್ಲಿ
ಮಠದ ಹೊಸ ಶಿಷ್ಯೆ. ಬಿಳಿ ಮುಸುಕು,
ಕೈಯಲ್ಲಿ ಕೀರ್ತನೆಗಳ ಪುಸ್ತಕ.
ಪ್ರತಿ ಸಾಲಿನ ನಡುವೆ ಒಂದು ಪುಟ್ಟ ನಕ್ಷತ್ರ,
ಅಲ್ಲೊಂದು ಇಲ್ಲೊಂದು ಬಾಕು.

ಮೊದಲ ಸಂಜೆ
ನಕ್ಷತ್ರ ದಾಟಿ ಅವಳೊಬ್ಬಳೇ ಆಚೆ ದಡದಲ್ಲಿದ್ದಳು.
ಹದಿನಾರು ಮಂದಿ ಈಚೆ.

ಸೋದರಿ ಗೋಡೆಲೀವ ಬೈಯಲಿಲ್ಲ.
ಆಲೂಗಡ್ಡೆ ಸುಲಿಯುತ್ತ ಹೇಳಿದಳು:
ಬಾಕು ಕಂಡರೆ ದನಿ ಒಂದು ಮೆಟ್ಟಿಲು ಇಳಿಸು,
ಚೂರು ಉಸಿರು ಕದಿ, ನಡೆ.
ನಕ್ಷತ್ರ ಕಂಡರೆ ನಿಲ್ಲು.
ಎಷ್ಟು ಹೊತ್ತು?
ಆಮಾಂಡೀನಳ ಎಂಜಲು ಗಂಟಲಿಗಿಳಿಯುವಷ್ಟು.
ಅವಳಿಗೆ ಎಂಬತ್ತೊಂಬತ್ತು.
ಆಗ ಏನು ಧ್ಯಾನಿಸಲಿ?
ಏನೂ ಬೇಡ. ಸಿಪ್ಪೆ ದಪ್ಪ ಹೆರೆಯುತ್ತಿದ್ದೀಯ, ನೋಡು.

ಚಳಿಗಾಲವಿಡೀ ನಿಲ್ಲುವುದನ್ನು ಕಲಿತಳು.
ನಿಂತಲ್ಲಿ ಕೇಳಿಸಿದ್ದು:
ಬಿಸಿನೀರಿನ ಕೊಳವೆಯ ಟಕಟಕ,
ಯಾರದೋ ಹೊಟ್ಟೆಯ ಗುರುಗುರು,
ಬ್ರೂಗೆಗೆ ಹೋಗುವ ಏಳೂಕಾಲರ ರೈಲು.
ದೇವರು ಕೇಳಿಸಿದನೆಂದು ಅವಳು ಹೇಳಲಿಲ್ಲ.
ಯಾರೂ ಕೇಳಲೂ ಇಲ್ಲ.

ಆದರೆ ಬುಧವಾರದ ಸಂಜೆ, ಮೂರನೆಯ ಕೀರ್ತನೆ,
ನಕ್ಷತ್ರವಿಲ್ಲ, ಬಾಕುವಿಲ್ಲ,
ಒಂದು ಪದದ ಅಂಚಿನಲ್ಲಿ ಎಲ್ಲರೂ
ಮೆಟ್ಟಿಲು ಇಲ್ಲದಲ್ಲಿ ಕಾಲಿಟ್ಟವರಂತೆ ತಡೆಯುತ್ತಾರೆ.
ಯಾಕೆ?
ನಾನು ಬಂದಾಗಲೂ ಹಾಗೇ, ಅಂದಳು ಗೋಡೆಲೀವ.

ಆಮಾಂಡೀನಳ ಪುಸ್ತಕದಲ್ಲಿ ಸಿಕ್ಕಿತು:
ಪೆನ್ಸಿಲಿನ ಸಣ್ಣ ಗೀರು, ಅರ್ಧ ಅಳಿಸಿದ್ದು.
ಲಿವೀನಳಿಗೆ ಉಬ್ಬಸವಿತ್ತು ಕಣೇ.
ಅಲ್ಲಿಗೆ ಅವಳ ಉಸಿರು ಮುಗಿಯುತ್ತಿತ್ತು.
ಒಬ್ಬಳನ್ನೇ ಹಿಂದೆ ಬಿಟ್ಟು ಹೋಗುವುದು ಹೇಗೆ,
ನಾವೂ ನಿಂತೆವು.
ತೀರಿಕೊಂಡಳೇ?
ಎಲ್ಲಿ! ಎಪ್ಪತ್ತೊಂದರಲ್ಲಿ ಮಠ ಬಿಟ್ಟಳು.
ಗೆಂಟಿನ ಅಂಚೆಯವನನ್ನು ಮದುವೆಯಾದಳು.
ಉಬ್ಬಸವೂ ವಾಸಿಯಾಯಿತಂತೆ.

ಅವರ ಫ್ಲೆಮಿಶ್‌ನಲ್ಲಿ ಇದಕ್ಕೆ ಮಾತಿಲ್ಲ.
ನಮ್ಮಲ್ಲಿ ಮಠ ಸೇರಿದವರೂ ಯತಿ,
ಸಾಲಿನ ನಡುವೆ ನಿಲ್ಲುವುದೂ ಯತಿ.
ಒಂದು ಯತಿ ಹೊರಟುಹೋಯಿತು,
ಇನ್ನೊಂದು ಇಲ್ಲೇ ಉಳಿಯಿತು.

ಮುಂದಿನ ಬುಧವಾರ ವೀರ್ಲೆ
ಆ ಪದದವರೆಗೆ ಬಂದಳು.
ಗಂಟಲಲ್ಲಿ ಹಳೆಯ ಕಟ್ಟೆ ಒಮ್ಮೆ ಎದ್ದು ನೂಕಿತು.
ಬಾಯಿ ಮುಚ್ಚಿದಳು.
ಗೆಂಟಿನಲ್ಲಿ ಎಲ್ಲೋ ಒಬ್ಬ ಮುದುಕಿ
ಸಲೀಸಾಗಿ ಮೆಟ್ಟಿಲು ಹತ್ತುತ್ತಿರಬೇಕು,
ಕೈಯಲ್ಲಿ ಚೀಲ.
ಅವಳು ಹತ್ತಿ ಮುಗಿಸಲಿ ಎಂದು
ಹದಿನೇಳು ಮಂದಿ