ನೊಗಕ್ಕೆ ಬಂದ ಕಡಸು

ನಂಗಲಿಯಿಂದ ಇನ್ನೊಂದು ಏರಿ ದಾಟಿದರೆ ಆಂಧ್ರ.
ಪಾಪಕ್ಕ ದನದ ಜತೆ ತೆಲುಗು, ನನ್ನ ಜತೆ ಕನ್ನಡ.
"ಎರಡು ತುಂಬಿ ನಾಕು ತಿಂಗಳಾಯ್ತು ಡಾಕ್ಟ್ರೇ,
ಒಂದು ಸಲಾನೂ ಬೆದೆಗೆ ಬಂದಿಲ್ಲ.
ಬೂಸಾ ಮಾತ್ರ ಬಾನಿ ಬಾನಿ ತಿಂತಾಳೆ."

ಸೋಪು ಹಚ್ಚಿದ ಗಾಜಿನ ಕೊಳವೆ
ಗೇಣುದ್ದ ಹೋಗಬೇಕಾದದ್ದು ನಾಲ್ಕು ಬೆರಳಿಗೇ ನಿಂತಿತು.
ಮುಂದೆ ದಾರಿಯಿಲ್ಲ.
ಕೇಳಿದೆ: ಇವಳು ಒಬ್ಬಳೇ ಹುಟ್ಟಿದಳೆ?

ಇಲ್ಲ. ಹೋರಿಗರು ಮೊದಲು, ಅದರ ಬೆನ್ನಿಗೇ ಇವಳು.
ಅವನನ್ನು ತಿಂಗಳೊಳಗೆ ಚಿಂತಾಮಣಿ ಸಂತೆಗೆ ಹೊಡೆದಿದ್ದಳು;
ಸೀಮೆ ಹೋರಿಗೆ ಹಾಲು ಬಿಡುವವರು ಯಾರು?

ಜಗಲಿಯ ಮೇಲೆ ಸುಣ್ಣದ ಚೂರಿನಲ್ಲಿ ಬರೆದೆ:
ತಾಯಿಯಿಂದ ಇಬ್ಬರಿಗೂ ಎಕ್ಸ್.
ನಾನೇ ತಂದಿದ್ದ ಸೆಮೆನ್ ಕಡ್ಡಿಯಿಂದ
ಇವಳಿಗೆ ಇನ್ನೊಂದು ಎಕ್ಸ್, ಅವನಿಗೆ ವೈ.
ಆದರೂ ಐದಾರು ವಾರ ಭೇದವಿಲ್ಲ.
ಇಬ್ಬರಲ್ಲೂ ಎರಡೆರಡು ಜೋಡಿ ನಾಳ,
ಹೆಣ್ಣಿಗೊಂದು ಗಂಡಿಗೊಂದು,
ಬಾಡಿಗೆಗೆ ಯಾರು ಬರುವರೋ ತಿಳಿಯದ ವಠಾರದ ಹಾಗೆ.

ಆಮೇಲೆ ವೈ ಮೇಲಿನ ಒಂದು ಚೋಟು ಜೀನು
ಬಾಯಿ ತೆರೆಯುತ್ತದೆ, ಮುಚ್ಚುತ್ತದೆ.
ಅಷ್ಟರಲ್ಲಿ ಬೀಜ ಕಟ್ಟಿರುತ್ತದೆ.
ಬೀಜ ಅಪ್ಪಣೆ ಹೊರಡಿಸುತ್ತದೆ:
ಹೆಣ್ಣಿನ ನಾಳ ಕರಗಲಿ.

ಹಸುವಿನ ಹೊಟ್ಟೆಯಲ್ಲಿ ಅವಳಿಗಳ ಮಾಸು ಬೆಸೆದರೆ
ರಕ್ತಕ್ಕೆ ಗೋಡೆಯಿಲ್ಲ.
ಅವನ ಮನೆಗೆ ಹೊರಟ ಕಾಗದ
ಇವಳ ಮನೆಗೂ ಬಂತು.

"ಒಳಗೇ ಒಕ್ಕಲೆಬ್ಬಿಸಿದ್ನಾ, ಜತೇಲಿ ಮಲಗಿದ್ದೋಳನ್ನ?"
ಅವನಿಗೇನು ಗೊತ್ತು, ಅಂದೆ. ಹೆಬ್ಬೆಟ್ಟಿನಷ್ಟಿದ್ದ.
ಇವಳ ರಕ್ತ ತೆಗೆದು ನೋಡಿದರೆ
ಈಗಲೂ ಅವನ ಕಣಗಳು ಸಿಗುತ್ತವೆ.

ಪಾಪಕ್ಕ ಮಾತಾಡಲಿಲ್ಲ.
ಕಡಸಿನ ಗಂಗೆದೊಗಲಿನಡಿ ಕೈಯಿಟ್ಟು,
ಕತ್ತಲಲ್ಲಿ ಬೆಂಕಿಪೊಟ್ಟಣ ಹುಡುಕುವವಳಂತೆ ತಡವಿದಳು.
ತೆಲುಗಿನಲ್ಲಿ ಏನೋ ಅಂದಳು. ನನಗಲ್ಲ.
ನಾನು ರಿಜಿಸ್ಟರಿನಲ್ಲಿ ಬರೆದೆ: ಗೊಡ್ಡು. ಮಾರಬಹುದು.

ಕಾರ್ತಿಕದಲ್ಲಿ ಎದುರಾದಳು,
ಬಂಡಿ ತುಂಬ ಹಿಪ್ಪುನೇರಳೆ ಸೊಪ್ಪು.
ಎಡಕ್ಕೆ ಹಳೆಯ ಎತ್ತು.
ಬಲಕ್ಕೆ, ಅದೇ ನೊಗದಡಿ, ಭುಜ ಕೊಟ್ಟು, ಇವಳು.
ಡೈರಿ ಮುಂದೆ ಕೂತವರೆಲ್ಲ ನಕ್ಕರಂತೆ,
ಹೆಣ್ಣಿಗೆ ನೊಗ ಕಟ್ಟಿದವಳು ಎಂದು.
"ಅರ್ಧ ಭಾರ ಅವನು ಎಳೀತಾನೆ" ಅಂದಳು ಪಾಪಕ್ಕ,
ಹಗ್ಗ ಸಡಿಲ ಬಿಟ್ಟು.

ನೈಟ್ರೋಜನ್ ಡಬ್ಬ ಕಟ್ಟಿದ ಬೈಕನ್ನು
ಬದುವಿಗೆ ಇಳಿಸಿ ದಾರಿ ಬಿಟ್ಟೆ.