ನೀರು ಏರುವುದರೊಳಗೆ

ಕೂಗಳತೆಯಾಚೆ ಸರಿದು ಹೋಗಿದೆ ಕಡಲು.
ಚೆಲಿನ್ ದ್ವೀಪದ ಕೆಸರಲ್ಲಿ ನಮ್ಮ ದೋಣಿ
ಕಾಯಿಲೆ ಬಿದ್ದ ಎತ್ತಿನ ಹಾಗೆ ಒಂದು ಮಗ್ಗುಲಿಗೆ ಮಲಗಿದೆ.
ನಿನ್ನೆ ಸಂಜೆ ಆಲೂಗಡ್ಡೆ ಮೂಟೆ ಹೇರಿಕೊಂಡು ಬರುವಾಗ
ನಟ್ಟನಡು ನೀರಿನಲ್ಲಿ ಕೈಕೊಟ್ಟಿತು ಇಂಜಿನ್ನು.
ಹುಟ್ಟು ಹಾಕಿಕೊಂಡೇ ದಡ ಸೇರಿದೆವು.
ನೀರು ಮರಳಿ ಬರಲು ಇನ್ನು ಆರು ಗಂಟೆ.

"ಅಪ್ಪಾ, ನಾನು ಬಿಚ್ಚಲಾ?" ಅಂದಳು ರೋಸಾಲ್ಬಾ.
ಒಂಬತ್ತು ತುಂಬಿದ್ದು ಮೊನ್ನೆ ಮೊನ್ನೆ,
ಪಕ್ಕದ ಹಲ್ಲು ಇನ್ನೂ ಅರ್ಧವೇ ಬಂದಿದೆ.

ನನ್ನಪ್ಪನಾಗಿದ್ದರೆ ಸ್ಪ್ಯಾನರಿನಲ್ಲೇ ಕೈಮೇಲೆ ಒಂದು ಬಿಡುತ್ತಿದ್ದ.
ಬಿಟ್ಟೂ ಇದ್ದ. ಇದೇ ದೋಣಿ, ಇದೇ ಒಂಟಿ ಸಿಲಿಂಡರು.
ಇಪ್ಪತ್ತೆರಡಾಗುವವರೆಗೂ ನಾನು ಹಿಡಿದದ್ದು ಟಾರ್ಚು ಮಾತ್ರ,
ಅದೂ "ಅಲ್ಲಲ್ಲ, ಇಲ್ಲಿಗೆ ಹಿಡಿಯೋ ಕತ್ತೆ" ಅನ್ನಿಸಿಕೊಂಡು.
ಅವನು ಹೋದ ಚಳಿಗಾಲ ಈ ಇಂಜಿನ್ನಿನ ಮುಂದೆ ಕೂತಿದ್ದೆ,
ಅಳುವುದಕ್ಕೂ ಆಗದೆ, ಬಿಚ್ಚುವುದಕ್ಕೂ ಬಾರದೆ.

"ಬಿಚ್ಚು" ಅಂದೆ.
ಅಂದು, ನನ್ನ ಎರಡೂ ಅಂಗೈಗಳನ್ನು ತೊಡೆಯಡಿ ಇಟ್ಟುಕೊಂಡು
ಅವುಗಳ ಮೇಲೇ ಕೂತುಬಿಟ್ಟೆ.
ಇಷ್ಟು ಕಷ್ಟದ ಕೆಲಸ ಈ ದೋಣಿಯಲ್ಲಿ ಎಂದೂ ಮಾಡಿರಲಿಲ್ಲ.

ಹದಿನಾಲ್ಕರ ಸ್ಪ್ಯಾನರು ಬೇಕಾದಲ್ಲಿ ಹದಿನೇಳು ತೆಗೆದಳು. ಸುಮ್ಮನಿದ್ದೆ.
ಎಡಕ್ಕೆ ತಿರುಗಿಸಬೇಕಾದ್ದನ್ನು ಬಲಕ್ಕೆ. ಕೆಮ್ಮಿದೆ, ಅಷ್ಟೆ.
ಟಣ್ ಅಂತ ಬಿತ್ತು ಬೋಲ್ಟು, ತಳದ ಕಪ್ಪು ನೀರೊಳಕ್ಕೆ.
ಎಲ್ಲಿ ಬಿತ್ತೆಂದು ಕಂಡಿದ್ದೆ.
ಹೇಳಲಿಲ್ಲ. ಕಡಲಹಕ್ಕಿಗಳನ್ನು ಎಣಿಸಿದೆ, ನಲವತ್ತೊಂದು,
ಅವಳು ಮೊಣಕೈವರೆಗೆ ಕೈಬಿಟ್ಟು, ಕಣ್ಣು ಮುಚ್ಚಿ,
ಬೆರಳ ತುದಿಯಲ್ಲೇ ತಡಕಿ ಎತ್ತಿ ಹಿಡಿಯುವವರೆಗೆ.

"ಗುಳ್ಳೆ ಬರ್ತಿದೆ ಅಪ್ಪಾ! ಎಣ್ಣೆ ಜೊತೆ ಗಾಳಿ ಕುಡೀತಿದೆ ಇದು."
ಹಾಲು ಕುಡಿದು ತೇಗಲಾರದ ತಮ್ಮನನ್ನು
ಹೆಗಲಿಗೆ ಹಾಕಿ ತಟ್ಟಿದವಳು. ಗೊತ್ತು ಅವಳಿಗೆ,
ಹೊಟ್ಟೆಗೆ ಗಾಳಿ ಹೊಕ್ಕರೆ ಏನಾಗುತ್ತದೆಂದು.

ಪೈಪಿನ ಬಾಯಲ್ಲಿತ್ತು ತಾಮ್ರದ ಬಿಲ್ಲೆ, ಉಗುರಿನಷ್ಟಗಲ,
ಅದುಮಿಸಿಕೊಂಡು ಅದುಮಿಸಿಕೊಂಡು ಕಲ್ಲಾಗಿ.
ಹೊಸದು ತರಲು ಕಾಸ್ತ್ರೋ ಪೇಟೆಗೆ ಹೋಗಬೇಕು.
ಹೋಗಲು ದೋಣಿ ಬೇಕು.

ಇದೊಂದನ್ನು ಮಾತ್ರ ನಾನೇ ಹೇಳಿಕೊಟ್ಟೆ.
ಕೆಸರು ದಾಟಿ ಓಡಿದಳು ಅಜ್ಜಿ ಎದುವಿನಾಳ ಸೌದೆ ಒಲೆಗೆ.
ಕಾಯುತ್ತಿದ್ದ ಕೆಟಲು ಪಕ್ಕಕ್ಕೆ ಸರಿಸಿ, ಇಕ್ಕಳದ ತುದಿಯಲ್ಲಿ ಬಿಲ್ಲೆ ಹಿಡಿದು,
ಕೆಂಡದ ಬಣ್ಣ ಬಂದದ್ದೇ ಚೊಂಯ್ ಅಂತ ನೀರಿಗೆ.
ಮೆತ್ತಗಾಗಿತ್ತು ತಾಮ್ರ.
"ಬೆಂಕಿಗೆ ಹೋದದ್ದು ಗಟ್ಟಿಯಾಗಬೇಕಲ್ವಾ?"
ಎಲ್ಲವೂ ಅಲ್ಲ, ಅಂದೆ.
ಯಾಕೆ ಅಂದಳು. ನನಗೂ ಗೊತ್ತಿಲ್ಲ, ಅದನ್ನೂ ಅಂದೆ.

ನೀರು ಬಂತು. ಮೊದಲು ಗೀರುಗೀರಾಗಿ,
ಆಮೇಲೆ ಒಮ್ಮೆಗೇ. ದೋಣಿ ಎದ್ದು ಮೈಕೊಡವಿತು.
ಇಡೀ ದಿನಕ್ಕೆ ಒಂದೇ ಅಪ್ಪಣೆ ಮಾಡಿದೆ, ಗಟ್ಟಿ ದನಿಯಲ್ಲಿ:
ಹ್ಯಾಂಡಲಿಗೆ ಹೆಬ್ಬೆರಳು ಸುತ್ತಕೂಡದು, ಉಳಿದ ಬೆರಳ ಜೊತೆಗೇ ಇರಲಿ.
ಇದು ತಿರುಗಿ ಒದೆಯುತ್ತದೆ.
ನೋಡು ಅಂತ ನನ್ನ ಸೊಟ್ಟ ಹೆಬ್ಬೆರಳು ತೋರಿಸಿದೆ.

ಹಿಡಿದು ನೋಡಿದಳು, ತಿರುಗಿಸುವ ಬಲವಿಲ್ಲ. ತಿರುಗಿಸಿದ್ದು ನಾನು.
ಎಣಿಸಿ, ಸರಿಯಾದ ಗಳಿಗೆಗೆ ಲಿವರು ಕೆಡವಿದ್ದು ಅವಳು.
ಒಮ್ಮೆ ಕೆಮ್ಮಿತು. ಬಿಳಿ ಹೊಗೆ.
ಟಕ್. ಟಕ್ ಟಕ್. ಟಕಟಕಟಕಟಕ.
ಅವಳು ನಗಲಿಲ್ಲ. ತಲೆ ವಾರೆ ಮಾಡಿ ಆಲಿಸುತ್ತಿದ್ದಳು.
"ಇನ್ನೂ ಏನೋ ಸರಿಯಿಲ್ಲ" ಅಂದಳು.
ನನಗೇನೂ ಕೇಳಿಸಲಿಲ್ಲ.

ರಾತ್ರಿ ಊಟದ ಮೇಜಿನ ಮೇಲೆ ಅಜ್ಜಿಯ ಹೊಲಿಗೆಯಂತ್ರ,
ಇಪ್ಪತ್ತಮೂರು ತುಂಡಾಗಿ, ಹಳೆಯ ಸೀರುಬಟ್ಟೆಯ ಮೇಲೆ ಸಾಲಾಗಿ.
ಎದುವಿನಾ ನನ್ನನ್ನೇ ದುರುಗುಟ್ಟಿದಳು,
ಹೆತ್ತವನು ನೀನು, ಏನಾದರೂ ಹೇಳು ಅನ್ನುವ ಹಾಗೆ.
ಹೇಳಲಿಲ್ಲ.
ಗೊಣಗುತ್ತ ಒಳಹೋದವಳು ಅಪ್ಪನ ಹಳೆಯ ಟಾರ್ಚು ಹುಡುಕಿ ತಂದು
ಮೊಮ್ಮಗಳ ಪಕ್ಕ ನಿಂತು ಕೇಳಿದಳು:
"ಎಲ್ಲಿಗೆ ಹಿಡೀಲೇ?"