ಟ್ರ್ಯಾಕ್ ಏಳು

ಸ್ಟೇಟ್‌ಬ್ಯಾಂಕಿನಲ್ಲಿ ಬಸ್ಸುಗಳು ಉಸಿರು ಬಿಡುವ ಕಡೆ,
ಮೀನು ಮಾರ್ಕೆಟ್ಟಿನ ನೀರು ಹರಿದು ಬರುವ ಮೂಲೆಯಲ್ಲಿ
ಆರಡಿ ಅಗಲದ ಅಂಗಡಿ ನನ್ನದು.
ಕವರು, ಚಾರ್ಜರು, ಗಾಜಿನ ಮೇಲೆ ಅಂಟಿಸುವ ಗಾಜು,
ಮತ್ತೆ ರಟ್ಟಿನ ಮೇಲೆ ನಾನೇ ಬರೆದ ಬೋರ್ಡು:
ಹಾಡು ತುಂಬಿಸಿ ಕೊಡಲಾಗುವುದು,
ನಾಲ್ಕು ಜಿಬಿಗೆ ಮೂವತ್ತು ರೂಪಾಯಿ.

ಎಲ್ಲಿಂದ ಬರುತ್ತಿತ್ತು ಹಾಡು? ಬರುತ್ತಿತ್ತು.
ಡೌನ್‌ಲೋಡಿಗಿಟ್ಟು ಶಟರು ಎಳೆದು ಹೋದರೆ
ಬೆಳಿಗ್ಗೆ ಬಲೆ ತುಂಬ.
ಸಮುದ್ರದ ಮೇಲೆ ಯಾರ ಹೆಸರು ಉಂಟು ಮಾರಾಯ್ರೆ,
ಎನ್ನುತ್ತಿದ್ದೆ.

ಬಾಗಿಯಕ್ಕನ ಹತ್ತಿರ ಒಮ್ಮೆ ವಾದವನ್ನೂ ಮಾಡಿದ್ದೆ:
ನಿಮ್ಮ ಬುಟ್ಟಿಯಿಂದ ಒಂದು ಬಂಗುಡೆ ಎತ್ತಿದರೆ
ಬುಟ್ಟಿಯಲ್ಲಿ ಒಂದು ಕಮ್ಮಿ, ಅದು ಕಳವು.
ನಾನು ಎತ್ತಿದ ಹಾಡು ಇದ್ದಲ್ಲೇ ಇರುತ್ತದೆ.
ಯಾರಿಗೆ ಎಂತ ಕಮ್ಮಿಯಾಯಿತು?
ಮಂಜುಗಡ್ಡೆ ಕುಟ್ಟುತ್ತಾ ಕೇಳಿದಳು:
ಹಾಗಾದರೆ ಆ ಮೂವತ್ತು ರೂಪಾಯಿ ಎಂತದ್ದಕ್ಕೆ?
ಕರೆಂಟಿಗೆ, ಅಂದೆ.
ಕರೆಂಟು ಹಾಡುವುದಾ?
ಅವಳ ತಕ್ಕಡಿ ನನಗೆ ಯಾವತ್ತೂ ಇಷ್ಟವಾಗಲಿಲ್ಲ.

ಒಂದು ಮಧ್ಯಾಹ್ನ ರೈಡಾಯಿತು.
ಇಬ್ಬರು ಪೊಲೀಸರು, ಇಸ್ತ್ರಿ ಅಂಗಿಯ ಕಂಪೆನಿಯವನೊಬ್ಬ,
ಅವನ ಕೈಯಲ್ಲಿ ಪಟ್ಟಿ. ಎಲ್ಲ ಸಿನಿಮಾ.
ಸಿಕ್ಕಿದ್ದಕ್ಕೆಲ್ಲ ಟಿಕ್ಕು ಹಾಕಿ ದೊಡ್ಡ ಡಿಸ್ಕು ಕೊಂಡುಹೋದರು.
ಇನ್ನೊಂದನ್ನು, ಕೊಂಕಣಿ ತುಳು ಬ್ಯಾರಿ ಎಂದು ಬರೆದದ್ದನ್ನು,
ಇಣುಕಿ ನೋಡಿ
'ಇದು ನಮ್ಮದಲ್ಲ' ಎಂದ.
ಯಾರದು ಎಂದು ಕೇಳಲಿಲ್ಲ.
ನಾನೂ ಕೇಳಿರಲಿಲ್ಲ.

ಕೋರ್ಟಿಗೆ ಅಲೆದೆ, ದಂಡ ಕಟ್ಟಿದೆ,
ಉಳಿದ ಡಿಸ್ಕಿನಿಂದ ತುಂಬಿಸುವುದು ಮುಂದುವರಿಸಿದೆ.

ಅವರು ಬಂದದ್ದು ಮರುವರ್ಷ, ಮೊಂತಿ ಫೆಸ್ತಿನ ಹಿಂದಿನ ಸಂಜೆ.
ಕುತ್ತಿಗೆಯಲ್ಲಿ ಹೊಲಿಗೆಯ ಅಳತೆ ಟೇಪು ಹಾಗೇ ಜೋಲುತ್ತಿತ್ತು.
ಕುಲಶೇಖರದ ಬಸ್ಸಿನಲ್ಲಿ ಒಂದು ಹಾಡು ಕೇಳಿದೆ,
ಪೆನ್‌ಡ್ರೈವಿಗೆ ತುಂಬಿಸಿದ್ದು ಇಲ್ಲಿ ಎಂದ ಡ್ರೈವರು,
ಅದು ನನಗೆ ಬೇಕಿತ್ತು.
ಯಾವುದು ಬಾಯಿ?
ಕಣ್ಣು ನೆಲಕ್ಕಿಟ್ಟು ಗುನುಗಿದರು.

ಕೊಂಕಣಿ ಫೋಲ್ಡರು, ಟ್ರ್ಯಾಕ್ ಏಳು, ಅನ್‌ನೋನ್ ಆರ್ಟಿಸ್ಟ್.
ಒತ್ತಿದೆ. ಟೇಪಿನ ಸರಸರ, ಆಮೇಲೆ ಪಿಟೀಲು,
ಆಮೇಲೆ ಇಪ್ಪತ್ತೆರಡರ ಹುಡುಗಿಯೊಬ್ಬಳ ಗಂಟಲು.
ಎರಡನೆಯ ಸಾಲಿಗೆ ಮುಂಚೆ
ಸ್ಪೀಕರೂ ಅವರೂ
ಒಟ್ಟಿಗೆ ಉಸಿರೆಳೆದರು.

ಮೂವತ್ತು ರೂಪಾಯಿ ಆಗಲೇ ನನ್ನ ಡ್ರಾವರಿನಲ್ಲಿತ್ತು.

ಬಳೆ ಅಡವಿಟ್ಟು ಐನೂರು ಕ್ಯಾಸೆಟ್ ಮಾಡಿಸಿದ್ದಂತೆ,
ಮುನ್ನೂರು ಮಂಚದಡಿ ಉಳಿದವಂತೆ,
ಬೂಸ್ಟು ಹಿಡಿದು ಟೇಪೆಲ್ಲ ಅಂಟಿಕೊಂಡವಂತೆ.
ಪಿಟೀಲಿನ ಲಾಜರಸ್ ಈಗ ಇಲ್ಲ.
'ಮಾಡಿದವಳಲ್ಲಿ ಒಂದೂ ಇಲ್ಲ ನೋಡು,
ಎತ್ತಿದವರಲ್ಲಿ ಉಳಿಯಿತು.'
ಬೈದರೋ ಹೊಗಳಿದರೋ, ಇವತ್ತಿಗೂ ಗೊತ್ತಿಲ್ಲ.

ನೋಟು ವಾಪಸು ಚಾಚಿದೆ. ಮುಟ್ಟಲಿಲ್ಲ.
'ನನ್ನ ಹಾಡು ಬರುತ್ತಿರುವಾಗಲೇ ಕಂಡಕ್ಟರು ಟಿಕೇಟು ಕೇಳಿದ, ಕೊಟ್ಟೆ.
ಅವನ ಕೆಲಸಕ್ಕೆ ಅವನಿಗೆ, ನಿನ್ನ ಕೆಲಸಕ್ಕೆ ನಿನಗೆ.'
ಅಷ್ಟಕ್ಕೆ ನಿಲ್ಲಿಸಿದರು.
ಮುಂದಿನ ವಾಕ್ಯ ನಾನೇ ಹೇಳಿಕೊಳ್ಳಬೇಕಿತ್ತು.

ಅನ್‌ನೋನ್ ಅಳಿಸಿ ಹೆಸರು ಕುಟ್ಟತೊಡಗಿದೆ.
ಸೆವೆರಿನ್, ಎಂದು ನಿಲ್ಲಿಸಿದಾಗ ಬಗ್ಗಿ ನೋಡಿ
'ಕೊನೆಗೆ ಒಂದು ಎ ಉಂಟು' ಎಂದರು.
ಸೆವೆರಿನಾ.
ಅಷ್ಟರಲ್ಲಿ ಎಷ್ಟು ಸಾವಿರ ಕಾಪಿ
ಹೆಸರಿಲ್ಲದೆ ಊರು ಬಿಟ್ಟಾಗಿತ್ತು!

ಈಗ ಯಾರೂ ತುಂಬಿಸಿಕೊಳ್ಳುವುದಿಲ್ಲ.
ಅಂಗಡಿಯಲ್ಲಿ ಕಬ್ಬಿನ ಹಾಲಿನ ಮೆಷೀನು ಕೂತಿದೆ.
ಮೊನ್ನೆ ಕುಲಶೇಖರದ ಬಸ್ಸಿನಲ್ಲಿ ನೇತುಕೊಂಡಿದ್ದೆ,
ಟೇಪಿನ ಸರಸರ, ಪಿಟೀಲು.
ಡ್ರೈವರನ ಮುಂದೆ ಸಣ್ಣ ಪರದೆಯಲ್ಲಿ
ಅದೇ ಎರಡು ಪದ ಹರಿದು ಹೋಗುತ್ತಿದ್ದವು.
ಟಿಕೇಟ್, ಎಂದ ಕಂಡಕ್ಟರು.
ಎರಡು ಕೊಡಿ, ಅಂದೆ.
ಒಬ್ಬರೇ ಅಲ್ವಾ,
ಎನ್ನುತ್ತಾ ನನ್ನ ಬೆನ್ನ ಹಿಂದೆ ನೋಡಿದ.